ಕಂಬಳಿ ಹಾಸಿದ ಮಕ್ಕಳ ಪರವಾಗಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಈಗ ಸಂಜೆ ಆರು ಗಂಟೆ. ಇವತ್ತು ಕಡಲೆ ಹೊಲಕ್ಕೆ ಹೋಗಿ ಬಂದೆ, ಎಮ್ಮೆ ಕಟ್ಟಿದೆ, ನಿಮ್ಮ ಕಚೇರಿ ಕಳಿಸಿದ ಆಮಂತ್ರಣವನ್ನು ಮತ್ತೊಮ್ಮೆ ಓದಿದೆ. ಗೊಲ್ಲರ ಹಟ್ಟಿಯ ಶಾಲೆಯಲ್ಲಿ ನಾಳೆ 'ಆಡುತ್ತಾ ವಿಜ್ಞಾನ' ಹಬ್ಬವಂತೆ, ಉದ್ಘಾಟನೆ ನಿಮ್ಮಿಂದಂತೆ. ಆಟ ಆಡಿಸಿ ವಿಜ್ಞಾನ ಕಲಿಸಿದಳೆಂದು ನನ್ನ ಮಗಳು ಪಲ್ಲವಿಯನ್ನು ಅದೇ ಶಾಲೆಯಿಂದ ಹೊರಗೆ ಹಾಕಿದವರು ನೀವು. ಹೊರಗೆ ಹಾಕಲು ಸಹಿ ಮಾಡಿದ ಕೈಯೇ ನಾಳೆ ಟೇಪು ಕತ್ತರಿಸುವುದು.

ಅವಳು ಅಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ಮಕ್ಕಳು ಕಾಗದದಲ್ಲಿ ಪುಟ್ಟ ಪುಟ್ಟ ಕುರಿ ಕತ್ತರಿಸುತ್ತಿದ್ದರು. ಪ್ಲಾಸ್ಟಿಕ್ ಸ್ಕೇಲನ್ನು ಕಂಬಳಿಗೆ ಚೆನ್ನಾಗಿ ಉಜ್ಜಿ ಹತ್ತಿರ ಹಿಡಿದರೆ ಕುರಿಗಳು ಹಾರಿ ಬಂದು ಅಂಟಿಕೊಳ್ಳುತ್ತಿದ್ದವು. ಹೆಚ್ಚು ಕುರಿ ರೊಪ್ಪಕ್ಕೆ, ಅಂದರೆ ದೊಡ್ಡಿಗೆ, ಸೇರಿಸಿದವರು ಗೆದ್ದಂತೆ. ಮಳೆಯ ದಿನ ಒಂದೂ ಏಳದಿದ್ದಾಗ ಮೌನಿಕಾ ಎಂಬ ಮಗು, "ಕಂಬಳಿ ತಣ್ಣಗಾಗೈತೆ ಟೀಚರ್, ಕುರಿ ಮುನಿಸ್ಕಂಡವೆ" ಅಂದಳಂತೆ. ಸ್ಥಾಯೀ ವಿದ್ಯುತ್ತಿಗೆ ತೇವ ಆಗದು ಎಂಬ ಪಾಠವನ್ನು ಆ ಮುನಿಸಿನಿಂದಲೇ ಶುರು ಮಾಡಿದೆ ಎಂದು ಮಗಳು ಊಟಕ್ಕೆ ಕೂತು ನಗುತ್ತಾ ಹೇಳಿದ್ದಳು.

ನೀವು ತಪಾಸಣೆಗೆ ಬಂದ ದಿನ ನಾನು ಅವಳ ಬುತ್ತಿ ಕೊಡಲು ಹೋಗಿ ಬಾಗಿಲಲ್ಲಿ ನಿಂತಿದ್ದೆ. ಹಟ್ಟಿಯಲ್ಲಿ ಕಂಬಳಿ ಹಾಸುವುದು ದೇವರಿಗೆ ಮತ್ತು ದೊಡ್ಡವರಿಗೆ. ನೀವು ದೊಡ್ಡವರು ಎಂದು ಮಕ್ಕಳು ತಪ್ಪು ತಿಳಿದರು. ಆಟ ನಿಲ್ಲಿಸಿ, ಕಾಗದ ಕೊಡವಿ, ಅದೇ ಕಂಬಳಿಯನ್ನು ಹಾಸಿ, "ಕುಂತ್ಕಳ್ರಿ ಸಾರ್" ಅಂದರು. ನೀವು ಬೂಟುಗಾಲಿನಿಂದ ಅದನ್ನು ಗೋಡೆಗೆ ಸರಿಸಿ, "ಇದೇನಮ್ಮ, ಶಾಲೆನೋ ಕುರಿದೊಡ್ಡಿನೋ? ಆಟ ಆಡ್ಸಾಕೆ ಸಂಬಳ ಕೊಡ್ತೀವಾ?" ಎಂದಿರಿ. ಮೂಗು ಮುಚ್ಚಿಕೊಳ್ಳುವುದನ್ನೂ ಮರೆಯಲಿಲ್ಲ.

ಮೌನಿಕಾಳ ಅಜ್ಜಿ ನಾಗಕ್ಕ ಅಂದು ಸಂಜೆ ನನ್ನ ಮಗಳ ಮುಂದೆ ಕೂತು, "ವಾಸ್ನೆ ಅಂದ್ನಾ? ಚಳಿಗೆ ಏನ್ ಹೊದಿತಾನಂತೆ ನಿಮ್ಮ ಸಾಹೇಬ, ಫೈಲಾ? ಬಿಡವ್ವ ತಾಯಿ, ಅಳಬ್ಯಾಡ" ಅಂದಳು. ಮರುವಾರ ನಿಮ್ಮ ಆದೇಶ ಬಂತು.

ಮಳೆಗಾಲದಲ್ಲಿ ಮಗಳು ಜ್ವರಕ್ಕೆ ತೀರಿಹೋದಳು. ಜ್ವರ ನೀವು ತಂದದ್ದಲ್ಲ, ಅಷ್ಟು ನ್ಯಾಯ ನನಗೂ ಗೊತ್ತು. ಆದರೆ ಆಸ್ಪತ್ರೆಯಲ್ಲಿ ಅವಳು, "ಆಟ ಆಡ್ಸಿದ್ದು ತಪ್ಪೇನಪ್ಪ?" ಎಂದು ಕೇಳುತ್ತಲೇ ಇದ್ದಳಲ್ಲ, ಆ ಪ್ರಶ್ನೆಯನ್ನು ತಂದವರು ಯಾರು? ಅಲ್ಲ ಮಗಳೇ ಅಂದೆ. ಹತ್ತನೇ ತರಗತಿ ಓದಿದ ಅಪ್ಪನ ಮಾತಿಗೆ ಅಧಿಕಾರಿಯ ಮಾತಿನ ತೂಕ ಎಲ್ಲಿಂದ ಬರಬೇಕು?

ಮೊನ್ನೆ ಹಟ್ಟಿಗೆ ಹೋದಾಗ, ನಾಳಿನ ಹಬ್ಬಕ್ಕೆ ಬಂದಿರುವ ಪೆಟ್ಟಿಗೆಯನ್ನು ಶಾಲೆಯವರು ತೋರಿಸಿದರು. ಒಳಗೆ ಒಂದು ಪ್ಲಾಸ್ಟಿಕ್ ಕಡ್ಡಿ, ಕಾಗದದ ಚೂರು, ಕವರಿನಲ್ಲಿ ಉಣ್ಣೆಯ ತುಂಡು. ಸ್ವಾಮಿ, ಆ ಉಣ್ಣೆ ಯಾವ ಪ್ರಾಣಿಯದು? ಪ್ಯಾಕೆಟ್ಟಿನಲ್ಲಿ ಬಂದರೆ ವಾಸನೆ ಹೋಗುತ್ತದೆಯೇ?

ನನಗೆ ಪರಿಹಾರ ಬೇಡ, ಸನ್ಮಾನ ಬೇಡ. ಪಲ್ಲವಿ ಟೀಚರ್ ಕಲಿಸಿದ್ದು ಪಾಠವೇ, ತಪ್ಪು ನನ್ನದು ಎಂದು ನಾಳೆ ಅದೇ ಮಕ್ಕಳ ಎದುರು, ಮೈಕಿನಲ್ಲಿ ಹೇಳಿ. ಹೇಳದಿದ್ದರೆ ನೀವು ವಿಜ್ಞಾನದ ಹೆಸರಿನಲ್ಲಿ ಹತ್ತುವ ಪ್ರತಿ ವೇದಿಕೆಯ ಮುಂದೆ ನಾನು ಕೂತಿರುತ್ತೇನೆ. ಕೂಗುವುದಿಲ್ಲ, ನೋಡುತ್ತಿರುತ್ತೇನೆ. ನೀವು ನಿವೃತ್ತರಾಗುವವರೆಗೂ ನನಗೆ ಬಿಡುವಿದೆ. ಕ್ಷಮಿಸುವ ವಯಸ್ಸು ನನ್ನದು ಎನ್ನುತ್ತಾರೆ, ನನಗೆ ಹಾಗೆ ಅನ್ನಿಸಿಲ್ಲ.

ಇಂತಿ, ಹಟ್ಟಿಯವರು ಇನ್ನೂ 'ಟೀಚರಮ್ಮನ ಅಪ್ಪ' ಎಂದೇ ಕರೆಯುವ,
ಏಕಾಂತಪ್ಪ, ತಾಳ್ಯ

ನಾಳೆ ಹಟ್ಟಿಗೆ ಮೊದಲ ಬಸ್ಸು ಬೆಳಿಗ್ಗೆ ಎಂಟಕ್ಕೆ. ಅದರಲ್ಲೇ ಬಂದು ಈ ಪತ್ರವನ್ನು ನಿಮ್ಮ ಕೈಗೇ ಕೊಡುತ್ತೇನೆ.