ಅಪ್ಪ ಬರೆಯದ ನಿಯಮ

ನಜರ್‌ಬಾದ್, ಮೈಸೂರು
೨೧ ಏಪ್ರಿಲ್ ೧೯೬೩, ಭಾನುವಾರ

ಪ್ರೀತಿಯ ದೊರೆ,

ಕಾಲು ಹೇಗಿದೆ? ಗಾಯ ಪೂರ್ತಿ ಮಾಯಿತೇ, ಇನ್ನೂ ಪಟ್ಟಿ ಕಟ್ಟುತ್ತಿದ್ದಾರೆಯೇ? ಬೂಟು ಹಾಕಿಕೊಳ್ಳಲು ಆಗುತ್ತದೆಯೇ? ಹಿಮಕ್ಕೆ ಎರಡು ಬೆರಳು ಹೋದವೆಂದು ಕೇಳಿದೆ, ಯಾವ ಕಾಲಿನವು ಎಂದು ಇವತ್ತಿಗೂ ಗೊತ್ತಿಲ್ಲ. ಒಡಹುಟ್ಟಿದವಳಿಗೆ ಇಷ್ಟೂ ಗೊತ್ತಿಲ್ಲವೆಂದರೆ ನಾಚಿಕೆಗೇಡು, ಆದರೆ ಕೇಳುವ ಯೋಗ್ಯತೆ ಕಳೆದುಕೊಂಡವಳು ನಾನೇ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ನೋವು ಹಳೆಯ ಕಥೆ, ಮಾವಿನಮಿಡಿ ಬಂದ ದಿನ ಮಾತ್ರ ನೋವು ಎಲ್ಲಿ ಹೋಗುತ್ತದೋ, ಎರಡು ಜಾಡಿ ಉಪ್ಪಿನಕಾಯಿ ಹಾಕಿ ಮುಗಿಸಿದಳು. ಬಿಸಿಲು ಈ ಸಲ ಜೋರು. ನನಗೆ ಸ್ಕೂಲಿನ ರಜಾ. ಭೂಗೋಳದ ಉತ್ತರಪತ್ರಿಕೆ ತಿದ್ದಿದ್ದಾಯಿತು. ಒಬ್ಬ ಪುಣ್ಯಾತ್ಗಿತ್ತಿ ಹಿಮಾಲಯವನ್ನು ತಂದು ಮದರಾಸಿನ ಪಕ್ಕ ನಿಲ್ಲಿಸಿದ್ದಾಳೆ. ಅಷ್ಟು ಹತ್ತಿರವಿದ್ದಿದ್ದರೆ ನಿನಗೆ ನಾನೇ ಬುತ್ತಿ ಕಟ್ಟಿ ಕಳಿಸುತ್ತಿದ್ದೆ ಅಂದುಕೊಂಡು ಅರ್ಧ ಮಾರ್ಕು ಕೊಟ್ಟೆ. ಎದುರು ಮನೆಯ ಪ್ರೇಮಲೀಲಾಗೆ ಗಂಡು ಗೊತ್ತಾಗಿದೆ, ಮದುವೆ ಜ್ಯೇಷ್ಠದಲ್ಲಿ.

ನೀನು ಪೂನಾದಿಂದ ತಿಂಗಳಿಗೊಂದು ಕಾರ್ಡು ಅಮ್ಮನ ಹೆಸರಿಗೆ ಹಾಕುತ್ತೀಯ. ಕ್ಷೇಮ, ರಜೆ ಸಿಕ್ಕಿಲ್ಲ, ಅಷ್ಟೇ. ಅಮ್ಮ ಅದನ್ನು ತಿರುವಿ ತಿರುವಿ ನೋಡಿ, 'ನಿಂಗೇನಾದ್ರೂ ಬೇರೆ ಬರ್ದಿದಾನೇನೇ ಚೂಡಾ' ಎನ್ನುತ್ತಾಳೆ. ಇಲ್ಲ ಎಂದು ಹೇಳುತ್ತೇನೆ. ಯಾಕಿಲ್ಲ ಎಂದು ಮಾತ್ರ ಹೇಳಿಲ್ಲ. ಹೋದ ತಿಂಗಳು ಹಿನಕಲ್ಲಿನ ಲಿಂಗಯ್ಯ ಬಂದಿದ್ದ, ನಿನ್ನ ತುಕಡಿಯವನು, ಆಸ್ಪತ್ರೆಯಲ್ಲಿ ನಿನ್ನ ಪಕ್ಕದ ಮಂಚದಲ್ಲಿದ್ದವನು. ಒಂದು ಚೀಲ ಹುರುಳಿ ತಂದಿದ್ದ. ಕುರ್ಚಿಯಲ್ಲಿ ಕೂರು ಎಂದು ಎಷ್ಟು ಹೇಳಿದರೂ ಜಗಲಿಯ ಮೇಲೇ ಕೂತ. 'ಏಳ್ ದಿನ ಕಾಡ್ನಲ್ಲಿ ನಡೆಸ್ಕೊಂಡ್ ಬಂದ್ರು ಅಮ್ಮಾವ್ರೇ, ಎಂಗ್ ಬಂದ್ವೋ ಆ ಚಾಮುಂಡವ್ವನಿಗೇ ಗೊತ್ತು. ಮೂವತ್ತೊಂದ್ ಜನ್ದಲ್ಲಿ ಇಪ್ಪತ್ಮೂರು ಜನ ಇವತ್ತು ಉಣ್ತಾ ಇದೀವಿ ಅಂದ್ರೆ ಸಾಯೇಬ್ರಿಂದ' ಅಂದ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕಾಫಿ ತರಲು ಒಳಗೆ ಹೋದಳು. ಆಗ ಅವನು ದನಿ ತಗ್ಗಿಸಿ ಹೇಳಿದ: 'ಆಸ್ಪತ್ರೇಲಿ ಮೊದ್‌ಮೊದ್ಲು ನಗ್ತಾ ಇದ್ರು. ಒಂದ್ ಕಾಗ್ದ ಬಂತು ನೋಡಿ, ಅವತ್ನಿಂದ ಗ್ವಾಡೆ ಕಡೆ ತಿರುಗ್ಕೊಂಡ್ ಮಲಗ್ಬುಟ್ರು. ಯಾವ ಪಾಪಿ ಬರ್ದಿದ್ನೋ.' ನಾನು ಜಗಲಿಯ ಕಂಬ ಹಿಡಿದುಕೊಂಡು, ಹೌದಪ್ಪ, ಜನ ಏನೇನೋ ಬರೀತಾರೆ ಅಂದೆ. ಆ ಪಾಪಿ ಎದುರಿಗೇ ನಿಂತಿದ್ದಾಳೆ ಎನ್ನುವ ಧೈರ್ಯ ಬರಲಿಲ್ಲ.

ಡಿಸೆಂಬರಿನಲ್ಲಿ ಏನು ಬರೆದಿದ್ದೆ ಎಂದು ನಿನಗೆ ನೆನಪಿಸಬೇಕಾಗಿಲ್ಲ. 'ಅಪ್ಪನ ನಿಯಮ ಮರೆತುಬಿಟ್ಟೆಯಾ? ನಮ್ಮ ಮೇಜಿನ ಮೇಲೆ ಹಿಂದೆ ಸರಿದವನನ್ನು ಏನು ಮಾಡುತ್ತಿದ್ದೆವು?' ಆ ಎರಡು ಸಾಲನ್ನು ಬರೆದ ಕೈ ಇದೇ. ಇಪ್ಪತ್ತಮೂರು ಜನರನ್ನು ಉಳಿಸಿಕೊಂಡು ಬಂದೆ, ಕಾಲು ಸ್ವಲ್ಪ ಕೆಟ್ಟಿದೆ ಎಂದು ನೀನು ಬರೆದದ್ದಕ್ಕೆ ನಾನು ಕೊಟ್ಟ ಉತ್ತರ ಅದು. ಆಗಿನ ನನ್ನ ತಲೆ ಹೇಗಿತ್ತೆಂದು ಹೇಳಿದರೆ ನೆಪ ಹೇಳಿದಂತಾಗುತ್ತದೆ, ಆದರೂ ಹೇಳುತ್ತೇನೆ. ಅಕ್ಟೋಬರ್‌ನಲ್ಲಿ ಯುದ್ಧ ಶುರುವಾದಾಗಿನಿಂದ ನಾನು ಸ್ಕೂಲಿನಲ್ಲಿ, ಬೀದಿಯಲ್ಲಿ, ಹಾಲಿನವನ ಹತ್ತಿರ ಕೂಡ, ನನ್ನ ತಮ್ಮ ಹಿಂದೆ ಹೆಜ್ಜೆ ಇಡುವವನಲ್ಲ ಎಂದು ಹೇಳಿಕೊಂಡು ಮೆರೆದಿದ್ದೆ. ಹುಡುಗಿಯರಿಗೆ ಬೋರ್ಡಿನ ಮೇಲೆ ಗಡಿಯ ನಕ್ಷೆ ಬರೆದು ನೀನಿರುವ ಕಡೆ ಕೆಂಪು ಸೀಮೆಸುಣ್ಣದಲ್ಲಿ ಚುಕ್ಕೆ ಇಟ್ಟಿದ್ದೆ. ನಿನ್ನ ಕಾಗದ ಬಂದ ದಿನ ನೀನು ಬದುಕಿದ್ದೀಯ ಎಂದು ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಾನು ಸ್ಟಾಫ್ ರೂಮಿನಲ್ಲಿ ಏನು ಮುಖ ತೋರಿಸಲಿ ಎಂದು ಯೋಚಿಸುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ ದೊರೆ. ಎಲ್ಲರೂ ಬಂದು, ಮಗು ಕ್ಷೇಮವಾಗಿ ಬಂತಲ್ಲ, ಅಷ್ಟು ಸಾಕು ಅಂದರು. ನನಗೆ ಮಾತ್ರ ಸಾಕಾಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹುಡುಗಿಯರಿಗೆ ಹೇಳಿಕೊಡುವವಳು ನಾನೇ.

ಈಗ ನಿಜ ಹೇಳುತ್ತೇನೆ. ಅದು ಅಪ್ಪನ ನಿಯಮ ಅಲ್ಲ. ಅಪ್ಪ ಸಂಸ್ಥಾನದ ಸೈನ್ಯದ ಕಚೇರಿಯಲ್ಲಿ ನಕ್ಷೆ ಬರೆಯುವಾಗ, ಅಲ್ಲಿ ಅಧಿಕಾರಿಗಳು ಮರಳು ಹರಡಿ ಮರದ ತುಂಡುಗಳನ್ನಿಟ್ಟು ಆಡುತ್ತಿದ್ದ ಯುದ್ಧದಾಟವನ್ನು ನೋಡಿ ನೋಡಿ ಕಲಿತು, ನಮಗಾಗಿ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಟ್ಟಿದ್ದರಲ್ಲ, ಅದರಲ್ಲಿ ಹಿಂದೆ ಸರಿಯುವುದು ಹೇಗೆ ಎಂಬುದಕ್ಕೇ ಎರಡೂವರೆ ಪುಟ ಇದೆ. ನಿನಗೆ ಆಗ ಆರು ವರ್ಷ, ನನಗೆ ಹನ್ನೆರಡು. ನಾವು ಸಿಪಾಯಿ ಗೊಂಬೆಗಳನ್ನಿಟ್ಟು ಆಡುತ್ತಿದ್ದುದು ಅಪ್ಪನ ನಕ್ಷೆಯ ಮೇಜಿನ ಮೇಲೆ. ಸ್ಕೂಲಿಂದ ಬಂದಮೇಲೆ ಅವರು ಕಚೇರಿಯಿಂದ ಬರುವವರೆಗೆ ಸಿಗುತ್ತಿದ್ದದ್ದು ಒಂದೂವರೆ ಗಂಟೆ. ನೀನು ಸೋಲುವ ಹೊತ್ತಿಗೆ ಗೊಂಬೆಗಳನ್ನು ಹಿಂದೆ ಹಿಂದೆ ಸರಿಸುತ್ತಿದ್ದೆ, ಆಟ ಮುಗಿಯುತ್ತಲೇ ಇರಲಿಲ್ಲ, ಅಪ್ಪ ಬಂದು ಎಲ್ಲವನ್ನೂ ಎತ್ತಿಡಿ ಅನ್ನುತ್ತಿದ್ದರು, ನನ್ನ ಗೆಲುವು ಅಲ್ಲಿಗೇ ನಿಲ್ಲುತ್ತಿತ್ತು. ಅದಕ್ಕೆ ಆ ಪುಟಗಳನ್ನು ಮಡಿಸಿ ಗುಂಡುಪಿನ್ನು ಚುಚ್ಚಿ, ಹಿಂದೆ ಸರಿದವನು ಸತ್ತ ಹಾಗೆ, ಡಬ್ಬಿಗೆ ಹಾಕಬೇಕು ಎಂದು ನಾನೇ ಹುಟ್ಟಿಸಿ ಹೇಳಿದೆ. 'ಅಪ್ಪ ಹಂಗೆ ಬರ್ದಿದಾರಾ ಅಕ್ಕ?' ಎಂದು ನೀನು ಕೇಳಿದೆ. ಹೂಂ ಕಣೋ ಅಂದೆ. ನಿನಗೆ ಓದಲು ಬರುತ್ತಿರಲಿಲ್ಲ, ಬರುವ ಹೊತ್ತಿಗೆ ಕೇಳುವುದನ್ನು ಬಿಟ್ಟಿದ್ದೆ. ಆಮೇಲೆ ಅಪ್ಪ ಹೋದರು. ಮೇಜು ದಿನವಿಡೀ ಖಾಲಿ ಬಿದ್ದಿತ್ತು, ಬೇಕಾದಷ್ಟು ಹೊತ್ತು ಆಡಬಹುದಿತ್ತು. ಆದರೆ ಅಷ್ಟರಲ್ಲಿ ಅದು ಸತ್ತ ಅಪ್ಪನ ಮಾತಾಗಿತ್ತು, ನೀನು ಅದನ್ನು ದೇವರ ಮಾತಿನಂತೆ ಹಿಡಿದಿದ್ದೆ. ಸೈನ್ಯಕ್ಕೆ ಸೇರುವ ದಿನ ಸ್ಟೇಷನ್ನಿನಲ್ಲೂ ನೀನು ಅದನ್ನೇ ಹೇಳಿ ನಕ್ಕೆ. ಬಾಯಿ ಬಿಡಲು ನನಗೆ ಅವತ್ತು ಒಳ್ಳೆಯ ಸಮಯವಿತ್ತು. ಬಿಡಲಿಲ್ಲ.

ಲಿಂಗಯ್ಯ ಹೋದ ಮೇಲೆ ಗೊಂಬೆ ಹಬ್ಬದ ಪೆಟ್ಟಿಗೆ ಇಳಿಸಿದೆ. ಅಕಾಲದಲ್ಲಿ ಗೊಂಬೆ ಇಳಿಸಬಾರದು ಎಂದು ಅಮ್ಮ ಗೊಣಗಿದಳು. ಸಿಪಾಯಿ ಗೊಂಬೆಗಳಲ್ಲಿ ಮೂವತ್ತೊಂದನ್ನು ಎಣಿಸಿ ಇಟ್ಟೆ, ಮುರಿದ ಕಾಲುಗಳಿಗೆ ಅರಗು ಹಚ್ಚಿದೆ. ನನ್ನ ಭೂಗೋಳದ ಪುಸ್ತಕಗಳನ್ನೆಲ್ಲ ಪೇರಿಸಿ ಮೇಲೆ ಹಳೆಯ ಪಂಚೆ ಹೊದಿಸಿ, ಲಿಂಗಯ್ಯ ಹೇಳಿದಂತೆ ನೀವು ನಡೆದು ಬಂದ ಕಣಿವೆ ಮಾಡಿದೆ. ಎದುರಾಳಿಯ ನಡೆಗೆ ದಾಳದಂತೆ ಎಸೆಯಲು ಒಂದು ಮೈ ಉಜ್ಜಿದ ಹುಣಸೆಬೀಜಗಳು, ಅವೇ ಹಳೆಯವು. ಒಬ್ಬಳೇ ಆಡುವುದು ಹೇಗೆ ಎಂದರೆ, ಈ ಕಡೆ ಕೂತು ಒಂದು ನಡೆ, ಎದ್ದು ಹೋಗಿ ಆ ಕಡೆ ಕೂತು ಒಂದು ನಡೆ. 'ಯಾಕೇ ಹಿಂಗೆ ಎದ್ದೂ ಕೂತೂ ಮಾಡ್ತೀಯ, ಬುದ್ಧಿ ಗಿದ್ಧಿ ಸರಿಯಾಗಿದೆಯೇನೇ' ಎಂದು ಅಮ್ಮ ಹೊಸಿಲಲ್ಲಿ ನಿಂತು ಕೇಳಿದಳು. ನಿನ್ನ ಕುರ್ಚಿಯಲ್ಲಿ ನಾನು ಕೂತದ್ದು ಇದೇ ಮೊದಲು. ಸಂಜೆ ನಾಲ್ಕಕ್ಕೆ ಪಶ್ಚಿಮದ ಕಿಟಕಿಯಿಂದ ಬಿಸಿಲು ನೇರವಾಗಿ ಕಣ್ಣಿಗೇ ಹೊಡೆಯುತ್ತದೆ, ಮೇಜಿನ ಅರ್ಧ ಕಾಣುವುದಿಲ್ಲ. ಅಷ್ಟು ವರ್ಷ ನೀನು ಅಲ್ಲಿ ಕೂತು ಆಡಿದೆ, ಒಂದು ದಿನ ಹೇಳಬಾರದಿತ್ತೇ? ಹೇಳಿದ್ದರೂ ಅಕ್ಕ ಜಾಗ ಬಿಟ್ಟುಕೊಡುತ್ತಿರಲಿಲ್ಲ ಎಂದು ನಿನಗೆ ಗೊತ್ತಿತ್ತು ಅಂತ ಕಾಣುತ್ತದೆ.

ನನ್ನ ನಿಯಮದಂತೆ ಮೂರು ಸಲ ಆಡಿದೆ. ಮೂರು ಸಲವೂ ಒಂದು ಗಂಟೆಯೊಳಗೆ ಮೂವತ್ತೊಂದು ಗೊಂಬೆಯೂ ಡಬ್ಬಿಯಲ್ಲಿ. ಡಬ್ಬಿ ಮುಚ್ಚುವಾಗ ಒಂದೊಂದಕ್ಕೂ ಲಿಂಗಯ್ಯನ ಮುಖವೇ ಕಾಣುತ್ತಿತ್ತು. ನಾಲ್ಕನೆಯ ಸಲ ಗುಂಡುಪಿನ್ನು ಕಿತ್ತು ಅಪ್ಪನ ಎರಡೂವರೆ ಪುಟ ಬಿಡಿಸಿಟ್ಟುಕೊಂಡೆ. ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಅಂಟಿಕೊಂಡಿತ್ತು. ಅರ್ಧ ಜನ ನಿಂತು ತಡೆಯಬೇಕು, ಅರ್ಧ ಜನ ಸರಿಯಬೇಕು, ಗಾಯಗೊಂಡವನನ್ನು ಹೊತ್ತವರು ಒಂದು ನಡೆಗೆ ಒಂದೇ ಮನೆ ಸರಿಯಬೇಕು, ಅವರನ್ನು ಬಿಟ್ಟು ಯಾರೂ ಮುಂದೆ ಹೋಗುವಂತಿಲ್ಲ. ಕೊನೆಯಲ್ಲಿ ಅಪ್ಪ ತಮ್ಮ ದುಂಡು ಅಕ್ಷರದಲ್ಲಿ ಬರೆದಿದ್ದಾರೆ: 'ಆಟದಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ, ಮಕ್ಕಳು ಇದನ್ನು ನಿಧಾನವಾಗಿ ಕಲಿಯಲಿ.' ನಾಲ್ಕು ಮಧ್ಯಾಹ್ನ ಹಿಡಿಯಿತು. ಒಂದು ನಡೆಗೂ ಮೋಸ ಮಾಡಲಿಲ್ಲ. ಒಬ್ಬಳೇ ಆಡುವಾಗ ಮೋಸ ಮಾಡುವುದಾದರೂ ಯಾರಿಗೆ? ಕೊನೆಗೆ ಮೇಜಿನ ಅಂಚಿಗೆ ತಂದದ್ದು ಹತ್ತೊಂಬತ್ತು. ಅದೂ ಹೊಟ್ಟೆ ತುಂಬ ಹುಳಿಯನ್ನ ತಿಂದು, ನಡುವೆ ಕಾಫಿ ಕುಡಿದು, ಹೇಳಿದ ಕಡೆ ನಿಲ್ಲುವ ಮಣ್ಣಿನ ಗೊಂಬೆಗಳನ್ನು ಇಟ್ಟುಕೊಂಡು. ಹಸಿವು, ಚಳಿ, ಹೆದರಿಕೆ ಇರುವ ಜನರನ್ನು, ಬೆರಳು ಕೊಳೆಯುತ್ತಿದ್ದ ಕಾಲಲ್ಲಿ ನಡೆದು, ನೀನು ಇಪ್ಪತ್ತಮೂರು ಜನರನ್ನು ತಂದೆ. ಅಪ್ಪ ಇದ್ದಿದ್ದರೆ ನಿನ್ನನ್ನು ಎದುರಿಗೆ ಕೂರಿಸಿಕೊಂಡು ಹೇಗೆ ಮಾಡಿದೆಯೋ ಮಗು ಎಂದು ಒಂದೊಂದು ನಡೆಯನ್ನೂ ಕೇಳುತ್ತಿದ್ದರು. ನಾನು ಅವರ ಹೆಸರು ಹೇಳಿ ನಿನಗೆ ಹೊಡೆದೆ. ತಪ್ಪಾಯಿತು ದೊರೆ. ಹುಡುಗಾಟದಲ್ಲಿ ಹೇಳಿದ ಸುಳ್ಳನ್ನು ಕ್ಷಮಿಸಬಹುದೇನೋ, ಮೂವತ್ತನಾಲ್ಕು ವರ್ಷದವಳು ಮತ್ತೆ ಅದನ್ನೇ ಬರೆದದ್ದಕ್ಕೆ ಏನು ಹೇಳಲಿ ತಿಳಿಯುತ್ತಿಲ್ಲ.

ಆ ಎರಡೂವರೆ ಪುಟಗಳನ್ನು ಇದರ ಜೊತೆ ಇಟ್ಟಿದ್ದೇನೆ. ಅಪ್ಪನ ಅಕ್ಷರ ನಿನಗೆ ಗುರುತು ಸಿಗುತ್ತದೆ. ನನ್ನ ಮಾತು ನಂಬದಿದ್ದರೂ ಅದನ್ನು ನಂಬು. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಾಲಿಗೆ ನೀರು ಸೋಕಿಸಬೇಡ. ಚಾಮುಂಡಿ ತಾಯಿ ನಿನ್ನ ಬೆನ್ನ ಹಿಂದಿರಲಿ, ಅಮ್ಮನ ಹಾರೈಕೆ ಎಂದಿನಂತೆ ತಲೆಯ ಮೇಲಿದೆ.

ನಿನ್ನ ಬಾಯಿಬಡುಕಿ ಅಕ್ಕ,
ಚೂಡಾಮಣಿ

ತಾ. ಕ.: ಲಕೋಟೆ ಅಂಟಿಸುವ ಮೊದಲು ಡಿಸೆಂಬರಿನ ಕಾಗದದ ವಿಷಯ ಅಮ್ಮನಿಗೆ ಹೇಳಿಬಿಟ್ಟೆ. ಬೈಯಲಿಲ್ಲ. 'ಕಾಗ್ದದಲ್ಲಿ ಚುಚ್ಚಿದ್ದನ್ನ ಕಾಗ್ದದಲ್ಲಿ ಕೀಳೋಕಾಗಲ್ಲ ಕಣೇ, ಎದ್ದು ಹೋಗು' ಅಂದಳು. ಗುರುವಾರ ಬೆಂಗಳೂರಿಗೆ ಹೋಗಿ ಪೂನಾ ರೈಲು ಹತ್ತುತ್ತೇನೆ, ಶನಿವಾರ ಅಲ್ಲಿರುತ್ತೇನೆ. ಒಬ್ಬಳೇ ಬರುತ್ತಿದ್ದೇನೆ, ಸ್ಟೇಷನ್ನಿಗೆ ಬಂದು ಕಾಲು ನೋಯಿಸಿಕೊಳ್ಳಬೇಡ, ವಿಳಾಸ ಕೇಳಿಕೊಂಡು ಬರುತ್ತೇನೆ. ಮನೆಗೆ ಬಾ ಎಂದು ಬಲವಂತ ಮಾಡುವುದಿಲ್ಲ. ಬಾಗಿಲು ತೆಗೆ, ಯಾವ ಕಾಲು ಎಂದು ಕಣ್ಣಾರೆ ನೋಡುತ್ತೇನೆ, ಆಮೇಲೆ ಹೋಗು ಅಂದರೆ ಹೋಗುತ್ತೇನೆ.