ಜೊತೆಗೆ ಬಂದವರಿಗೆ ಸಿಕ್ಕ ಕೆಲಸ

ಅಪ್ಪಾ,

ನೀವು ಏಳುವ ಮೊದಲೇ ಹೊರಟಿದ್ದೇನೆ. ಇವತ್ತು ಇನ್ನೊಂದು ಇಂಟರ್‌ವ್ಯೂ ಇದೆ. ಎಲ್ಲಿ ಅಂತ ಬರೆಯುವುದಿಲ್ಲ, ಬರೆದರೆ ಜೊತೆಗೆ ಬಂದುಬಿಡುತ್ತೀರಿ.

ಚಹಾ ಫ್ಲಾಸ್ಕಿನಲ್ಲಿದೆ. ತಿಂಡಿ ಆದ ಮೇಲೆ ಮಾತ್ರೆ ಮರೆಯಬೇಡಿ.

ನನ್ನ ನೀಲಿ ಶರ್ಟು ಇಸ್ತ್ರಿ ಮಾಡಿಟ್ಟಿದ್ದೇನೆ, ಅಂಗಡಿಗೆ ಅದನ್ನೇ ಹಾಕಿಕೊಂಡು ಹೋಗಿ. ನಿಮ್ಮದರ ಕಾಲರು ಸವೆದಿದೆ. ನಾನಂತೂ ಇನ್ನು ಆ ನೀಲಿ ಶರ್ಟನ್ನು ಮುಟ್ಟುವುದಿಲ್ಲ. ಅದನ್ನು ಹಾಕಿಕೊಂಡು ಹೋದ ದಿನ ಏನಾಯಿತು ಅಂತ ನೋಡಿದ್ದೀರಲ್ಲ.

ನಿನ್ನೆ ನಾನು ಯಾಕೆ ಮಾತಾಡಲಿಲ್ಲ ಅಂತ ಕೇಳಿದಿರಿ. ಹದಿನೆಂಟು ವರ್ಷ ದುಡಿಸಿಕೊಂಡು ಆಫೀಸಿನವರು ಮನೆಗೆ ಕಳಿಸಿದಾಗಲೂ ನನಗೆ ಇಷ್ಟು ಹೊಟ್ಟೆ ಉರಿದಿರಲಿಲ್ಲ. ಮಿಕ್ಸಿ ಅಂಗಡಿಯ ಇಂಟರ್‌ವ್ಯೂ ನನ್ನದು. ನಾನು ಒಳಗೆ ತಡವರಿಸುತ್ತಿದ್ದಾಗ ನೀವು ಹೊರಗೆ ಕೂತು, ಜಗಳಕ್ಕೆ ಬಂದಿದ್ದ ಗಿರಾಕಿಯನ್ನು ನಗಿಸಿ ಕಳಿಸಿದಿರಿ. ಮಾಲೀಕರು ನನ್ನ ಕೈ ಕುಲುಕಿ, "ನಿಮ್ ತಂದೆಯವ್ರು ನಾಳೆಯಿಂದ್ಲೇ ಬರ್ತಾರಾ?" ಅಂದರು. ನೀವು ಬಾಯಿಮಾತಿಗಾದರೂ ಬೇಡ ಅನ್ನಬಹುದಿತ್ತು. ಬಸ್ಸು ಎಷ್ಟು ಹೊತ್ತಿಗಿದೆ ಅಂತ ಕೇಳಿದಿರಿ. ಸಾಲದ್ದಕ್ಕೆ ಅಕ್ಕನಿಗೆ ಫೋನಿನಲ್ಲಿ, "ನಮ್ಮಿಬ್ರಲ್ಲಿ ಒಬ್ರಿಗಂತೂ ಕೆಲ್ಸ ಸಿಕ್ತು" ಅಂದಿರಂತೆ. ನೀವು ರಿಟೈರ್ ಆದವರು ಅನ್ನುವುದನ್ನು ನೀವೂ ಅಕ್ಕನೂ ಮರೆತೇಬಿಟ್ಟಿರಿ.

ಕೊಡೆ ಬಾಗಿಲ ಹಿಂದೆ ಇದೆ. ಬೀಗ ಹಾಕಿದ ಮೇಲೆ ಒಂದು ಸಲ ಎಳೆದು ನೋಡಿ.

ಇನ್ನೊಂದು ವಿಷಯ. ಮಾಲೀಕರ ಹತ್ತಿರ ನನ್ನ ಸುದ್ದಿ ಎತ್ತಬೇಡಿ. ನನಗೂ ಮಾನ ಅಂತ ಒಂದಿದೆ.

ಅವರಾಗಿಯೇ ಕೇಳಿದರೆ ಮಾತ್ರ ಹೇಳಿ, ಮಗ ಇನ್ನೂ ಮನೆಯಲ್ಲೇ ಇದ್ದಾನೆ ಅಂತ.