ಹಲ್ವದ ಉಳಿದರ್ಧ

ದೊಡ್ಡಬಳ್ಳಾಪುರ
1992

ಪ್ರೀತಿಯ ಅನಿತತ್ತಿಗೆ,

ನಾವೆಲ್ಲ ಕ್ಷೇಮ ಎಂದು ಬರೆಯಲು ಹೋದರೆ ಕೈ ತಡೆಯುತ್ತದೆ. ಹೊಟ್ಟೆಗೆ ಅನ್ನ ಬೀಳುತ್ತಿದೆ, ಮಗ್ಗ ಓಡುತ್ತಿದೆ, ಅಷ್ಟೇ. ನೀವು ತವರಿಗೆ ಹೋದ ಮೇಲೆ ನನ್ನ ಅಡುಗೆಗೆ ಹೆಸರಿಡುವವರೂ ಇಲ್ಲ.

ಬುಧವಾರ ಮಧ್ಯಾಹ್ನ ಬಂದರೆ ನಿಮ್ಮ ನೆನಪು ಹೆಚ್ಚು. ರೇಡಿಯೋದಲ್ಲಿ ಹೊಸ ಅಡುಗೆ ಹೇಳಿಕೊಡುವ ಹೊತ್ತು ಅದು. ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸದ ಮಗ್ಗದ ಮನೆ ನಮ್ಮದು. ಕರೆಂಟು ಹೋಗಿ ಮಗ್ಗ ನಿಂತರೆ ಅಪ್ಪನ ಮುಖ ಸಪ್ಪಗಾಗುತ್ತಿತ್ತು, ನಿಮ್ಮ ಮುಖ ಅರಳುತ್ತಿತ್ತು. ಸೆಲ್ಲು ಹಾಕಿದ ರೇಡಿಯೋ ಎತ್ತಿಕೊಂಡು ಅಡುಗೆಮನೆ ಸೇರುತ್ತಿದ್ದಿರಿ, ನಾನು ನಿಮ್ಮ ಹಿಂದೆ. ಅಪ್ಪನಂತೂ ನಿಮಗಾಗಿ ಒಂದು ಬುಧವಾರವೂ ಮಗ್ಗ ನಿಲ್ಲಿಸಲಿಲ್ಲ. ಆ ಸಿಟ್ಟು ನನಗಿತ್ತು.

ಸೋರೆಕಾಯಿ ಹಲ್ವದ ದಿನ ನೆನಪಿದೆಯೇ? ಸೋರೆಕಾಯಿ, ಹಾಲು, ಸಕ್ಕರೆ, ತುಪ್ಪ ಎಂದು ಸಾಮಾನು ಹೇಳಿ ಮುಗಿಸುವಷ್ಟರಲ್ಲಿ ಕರೆಂಟು ಬಂದು ಮಗ್ಗಗಳು ಹೊಡೆದುಕೊಳ್ಳತೊಡಗಿದವು. ಮಾಡುವ ಬಗೆಯನ್ನು ನಾವೇ ಊಹಿಸಿದೆವು. ಹಲ್ವ ಹೋಗಿ ಪಾಯಸವಾಯಿತು. ನಮ್ಮ ಚೌಡೇಶಣ್ಣ ಲೋಟ ಬಳಿದು ಕುಡಿದು, "ಉಳಿದರ್ಧ ಹಲ್ವ ಯಾವಾಗ ಮಾಡ್ತೀಯ?" ಎಂದು ನಿಮ್ಮನ್ನು ಎಷ್ಟು ದಿನ ಕಾಡಿಸಿದ! ಆಮೇಲೆ ಕಾಮಾಲೆ ಬಂತು, ಅವನೇ ಹೋಗಿಬಿಟ್ಟ. ನಿಮ್ಮ ತಂದೆ ಬಂದು ನಿಮ್ಮನ್ನು ಅನುಗೊಂಡನಹಳ್ಳಿಗೆ ಕರೆದುಕೊಂಡು ಹೋದರು.

ಹೋದ ತಿಂಗಳು ಅವರು ಮತ್ತೆ ಬಂದಿದ್ದರು. ಜಡಿಗೇನಹಳ್ಳಿಯ ಸಂಬಂಧದ ವಿಷಯ ತಿಳಿಸಿ, ಮಾವ ಹೂಂ ಅನ್ನದೆ ಮರುಮದುವೆಗೆ ಒಪ್ಪುವುದಿಲ್ಲವೆಂದು ನೀವು ಹಟ ಹಿಡಿದಿರುವುದನ್ನೂ ಹೇಳಿದರು. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕಾಫಿ ಕುಡಿಸಿ ಕಳಿಸಿದರು. ನಿಜ ಹೇಳಲೇ? ನನಗೆ ಒಳಗೊಳಗೇ ಸಂತೋಷವಾಯಿತು. ಅಪ್ಪ ಒಪ್ಪದಿದ್ದರೆ ನೀವು ಒಂದಲ್ಲ ಒಂದು ದಿನ ಇಲ್ಲಿಗೇ ಬರುತ್ತೀರಿ ಎಂಬ ಆಸೆ.

ಮೊನ್ನೆ ಬುಧವಾರ ಕರೆಂಟಿದ್ದರೂ ಅಪ್ಪ ಒಂದೊಂದಾಗಿ ಎಲ್ಲ ಮಗ್ಗ ನಿಲ್ಲಿಸಿದರು. ಮನೆಯಲ್ಲಿ ಅಂಥ ಮೌನ ಕೇಳಿ ನನಗೆ ಗಾಬರಿಯಾಯಿತು. ಏನಾಯಿತೆಂದು ಕೇಳಿದರೆ ಸುಮ್ಮನಿರು ಎಂದು ಕೈ ಮಾಡಿ, ರೇಡಿಯೋ ಎದುರಿಗಿಟ್ಟುಕೊಂಡು ಕೂತರು. ದೊಡ್ಡಬಳ್ಳಾಪುರದ ಬಚ್ಚಪ್ಪ ಎನ್ನುವವರು ಕಾಗದ ಬರೆದು ಕೇಳಿಕೊಂಡಿದ್ದರಿಂದ ಸೋರೆಕಾಯಿ ಹಲ್ವವನ್ನು ಮತ್ತೊಮ್ಮೆ ಹೇಳಿಕೊಡುವುದಾಗಿ ರೇಡಿಯೋದ ಹೆಂಗಸು ಹೇಳಿದರು. ನಮ್ಮಪ್ಪ, ಅತ್ತಿಗೆ! ಪಾಯಸ ಕುಡಿದ ದಿನ ಚೆನ್ನಾಗಿದೆ ಎಂದೂ ಹೇಳದಿದ್ದ ಮನುಷ್ಯ.

ಕೊನೆಯವರೆಗೂ ಕೇಳಿ, ಟವಲಿನಿಂದ ಮುಖ ಒರೆಸಿಕೊಂಡು ಅಂದರು: "ಬರ್ದು ಕಳ್ಸಮ್ಮ ಅವ್ಳಿಗೆ. ಹೊಸಾ ಮನೇಲಿ ಯಾವ್ದೂ ಅರ್ಧಂಬರ್ಧ ಆಗ್ಬಾರ್ದು."

ಅದಕ್ಕೇ ಬರೆಯುತ್ತಿದ್ದೇನೆ. ಸೋರೆಕಾಯಿ ತುರಿದು ನೀರು ಹಿಂಡಬೇಕಂತೆ. ತುಪ್ಪದಲ್ಲಿ ಹಸಿವಾಸನೆ ಹೋಗುವವರೆಗೆ ಹುರಿಯಬೇಕಂತೆ. ಆಮೇಲೆ ಹಾಲು, ಅದು ಇಂಗಿದ ಮೇಲೆ ಸಕ್ಕರೆ. ನಾವು ಎಲ್ಲವನ್ನೂ ಒಟ್ಟಿಗೇ ಸುರಿದಿದ್ದೆವು.

ಅಪ್ಪನ ಹೂಂ ಬಂತಲ್ಲ, ಒಪ್ಪಿಕೊಳ್ಳಿ ಅತ್ತಿಗೆ. ಹಲ್ವ ಅಲ್ಲಿ ಮಾಡಿ. ಇಲ್ಲಿಗೆ ಬಂದಾಗ ಮಾತ್ರ ನನಗೆ ಆ ಪಾಯಸವನ್ನೇ ಮಾಡಿಕೊಡಿ. ನಾನೊಬ್ಬಳೇ ಎಷ್ಟು ಸಲ ಮಾಡಿದರೂ ಆ ರುಚಿ ಬರುತ್ತಿಲ್ಲ.

ಚೌಡೇಶ್ವರಿ ತಾಯಿ ನಿಮ್ಮ ಮನೆಯನ್ನೂ ಮಡಿಲನ್ನೂ ತಂಪಾಗಿ ಕಾಯಲಿ.

ಯಾವ ಮನೆಗೆ ಹೋದರೂ ನಿಮ್ಮ ನಾದಿನಿಯೇ ಆಗಿರುವ,
ಬನಶಂಕರಿ